ಕಾಕ್‌ಪಿಟ್ ಬಾಗಿಲಿನ ಈಚೆ ನಿಂತು

ವಿಮಾನದ ಕೆಲಸಕ್ಕೆ ಸೇರಬೇಕೆನ್ನುವ ಹೆಣ್ಣುಮಕ್ಕಳು ಈಗ ಬಳ್ಳಾರಿಯಲ್ಲೂ ಬೇಕಾದಷ್ಟಿದ್ದಾರೆ. ಯಾರೋ ನನ್ನ ಹೆಸರು ಹೇಳಿ ಕಳಿಸುತ್ತಾರೆ. ಅವರು ಬ್ರೂಸ್‌ಪೇಟೆಯ ಗಲ್ಲಿಯಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ದಾರಿ ಮಾಡಿಕೊಂಡು, ಸೀನುತ್ತ ಸೀನುತ್ತ ನನ್ನ ಮಹಡಿ ಹತ್ತಿ ಬರುತ್ತಾರೆ. "ಎಷ್ಟು ದೇಶ ನೋಡೀರಿ ಆಂಟಿ? ಎತ್ತರ ಎಷ್ಟಿರಬೇಕು? ತುಟಿಗೆ ಬಣ್ಣ ಹಚ್ಚಲೇಬೇಕೇನ್ರಿ?" ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ, ಚಹಾ ಮಾಡಿ ಕೊಡುತ್ತೇನೆ, ಇನ್ನೊಂದು ಸ್ವಲ್ಪ ಹೊತ್ತು ಕೂಡಲಿ ಎಂದು ಅವಲಕ್ಕಿ ಒಗ್ಗರಣೆ ಹಾಕುತ್ತೇನೆ. ಅವರು ಎದ್ದು ಹೋದ ಮೇಲೆ ಕೆಳಗೆ ಹಮಾಲರ ಗದ್ದಲ ಎಷ್ಟಿದ್ದರೂ ನನ್ನ ಮನೆಯಲ್ಲಿ ಮಾತು ನಿಂತುಹೋಗುತ್ತದೆ. ಆಗ ಲೋಟ ತೊಳೆಯುತ್ತ ಅಂದುಕೊಳ್ಳುತ್ತೇನೆ: ಈ ಹುಡುಗಿಯರು ಕೇಳಬೇಕಾದದ್ದನ್ನು ಕೇಳಲೇ ಇಲ್ಲವಲ್ಲ!

ಚಹಾ ಕೊಡುವುದು ಗಗನಸಖಿಯ ಕೆಲಸದ ಚಿಕ್ಕ ಭಾಗ. ದೊಡ್ಡ ಭಾಗ ಮಾತು ದಾಟಿಸುವುದು. ವಿಮಾನದೊಳಗೆ ಎರಡು ಮನೆಗಳಿವೆ ಎಂದು ತಿಳಿಯಿರಿ. ಮುಂದಿನದು ಕಾಕ್‌ಪಿಟ್, ಅಲ್ಲಿ ಇಬ್ಬರು ಪೈಲಟ್‌ಗಳು. ಅವರಿಗೆ ಮೋಡ ಕಾಣುತ್ತದೆ, ಹಿಂದೆ ಕೂತ ಜನ ಕಾಣುವುದಿಲ್ಲ. ಹಿಂದಿನದು ಕ್ಯಾಬಿನ್, ಅಲ್ಲಿ ಪ್ರಯಾಣಿಕರು. ಅವರಿಗೆ ರೆಕ್ಕೆ ಕಾಣುತ್ತದೆ, ಹಾರಿಸುವವರು ಕಾಣುವುದಿಲ್ಲ. ನಡುವೆ ನಾವು ನಿಂತಿರುತ್ತೇವೆ. ಏನಾದರೂ ಅನಾಹುತವಾದರೆ ಈ ಕಡೆಯದನ್ನು ಆ ಕಡೆಗೆ, ಆ ಕಡೆಯದನ್ನು ಈ ಕಡೆಗೆ ಸರಿಯಾಗಿ ಮುಟ್ಟಿಸಬೇಕು. ಅದರಲ್ಲಿ ಎಡವಿದರೆ ಉಳಿದದ್ದೆಲ್ಲ ವ್ಯರ್ಥ.

ನಾನು ಕುರುಗೋಡಿನವಳು. ಅಪ್ಪನಿಗೆ ಇದೇ ಗಲ್ಲಿಯಲ್ಲಿ ಮೆಣಸಿನಕಾಯಿ ಸಗಟು ಅಂಗಡಿ ಇತ್ತು. ನಾನು ಕೆಲಸಕ್ಕೆ ಸೇರಿದ ಸುದ್ದಿ ಊರು ಮುಟ್ಟಿದಾಗ ನಮ್ಮ ಸೋದರತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು: "ನಮ್ಮ ನೀಲವ್ವ ಗಾಳಿಯಾಗ ಚಾ ಮಾರಾಕ ಹೋಗ್ಯಾಳ!" ಮದುವೆಗೆ ನೋಡಲು ಬಂದವರು ಕೇಳುತ್ತಿದ್ದದ್ದು ಒಂದೇ, "ತಿಂಗಳಿಗೆ ಎಷ್ಟು ದಿನ ಮನ್ಯಾಗ ಇರ್ತಾಳ್ರಿ?" ಅಪ್ಪ ಸುಳ್ಳು ಹೇಳುವವರಲ್ಲ. ಬಂದವರು ಅವಲಕ್ಕಿ ತಿಂದು, ತಿಳಿಸ್ತೀವಿ ಎಂದು ಹೋಗುತ್ತಿದ್ದರು. ಯಾರೂ ತಿಳಿಸಲಿಲ್ಲ. ಹಾಗೆಯೇ ವರ್ಷಗಳು ಕಳೆದವು, ನಾನೂ ಬೆನ್ನು ಹತ್ತಿ ಹೋಗಲಿಲ್ಲ.

ಮೊದಲ ಪಾಠ ಕಲಿತದ್ದು ಕೆಲಸದ ಮೊದಲ ವರ್ಷವೇ. ಹೈದರಾಬಾದಿನಿಂದ ಕಾಶಿಗೆ ಹೊರಟ ಒಂದು ದೊಡ್ಡ ಗುಂಪು ವಿಮಾನದಲ್ಲಿತ್ತು. ಊಟದ ತಟ್ಟೆ ತೆಗೆಯುತ್ತಿದ್ದೆ, ಹಿಂದಿನಿಂದ ಕಪ್ಪು ಹೊಗೆ ಎದ್ದಿತು. ಜನ ಎದ್ದು ನಿಂತರು. ಇಂಟರ್‌ಫೋನ್ ಎಂದು ಕರೆಯುವ, ಕಾಕ್‌ಪಿಟ್‌ಗೆ ಮಾತಾಡುವ ಫೋನು ನನ್ನ ಬೆನ್ನ ಹಿಂದೆಯೇ ಗೋಡೆಗಿತ್ತು. ಅದು ನೆನಪಾದರೆ ತಾನೇ! ತಟ್ಟೆ ಅಲ್ಲೇ ಬಿಸಾಕಿ ಮುಂದಕ್ಕೆ ಓಡಿದೆ. ಗಗನಸಖಿ ಓಡುವುದನ್ನು ಕಂಡ ಮೇಲೆ ಪ್ರಯಾಣಿಕರು ಸುಮ್ಮನೆ ಕೂರುತ್ತಾರೆಯೇ? ಅಲ್ಲಿಯವರೆಗೆ ಕೂತಿದ್ದವರೂ ಎದ್ದು ದೇವರನ್ನು ಕೂಗತೊಡಗಿದರು.

ಆಗ ಕಾಕ್‌ಪಿಟ್ ಬಾಗಿಲು ತಟ್ಟಿದರೆ ತೆರೆಯುತ್ತಿತ್ತು. ಒಳಗೆ ನುಗ್ಗಿ, ಹೊಗೆ ಅಂದೆ, ಜನ ಅಂದೆ, ವಾಸನೆ ಅಂದೆ. ಕಲಿತ ಇಂಗ್ಲಿಷ್ ಅಷ್ಟಕ್ಕೇ ಮುಗಿಯಿತು. ಕಡೆಗೆ ಬಾಯಿಂದ ಬಂದದ್ದು, "ಅಯ್ಯ ಶಿವನ, ಬೆಂಕಿ ಬಿದ್ದತಿ ನೋಡ್ರಿ!"

ಕ್ಯಾಪ್ಟನ್ ಕತ್ತು ತಿರುಗಿಸಿದರು. ದಪ್ಪ ಮೀಸೆ, ಗಂಟು ಹಾಕಿದ ಹುಬ್ಬು. "ಯಾವೂರವ್ವ ನಿಂದು?"

"ಕುರುಗೋಡ್ರಿ."

"ನಂದು ಸಿರುಗುಪ್ಪ. ಅಳೂದು ಆಮ್ಯಾಲೆ ಅಳುವಂತಿ. ಯಾವ ಸೀಟು, ಅದನ್ನ ಹೇಳು ಮೊದಲು."

ಯಾವ ಸೀಟೆಂದು ನನಗೆಲ್ಲಿ ಗೊತ್ತು! ಸಹ ಪೈಲಟ್ ಎದ್ದು ಹೋಗಿ ನೋಡಿದ. ಒಬ್ಬ ಮುದುಕರು ಊಟದ ತಟ್ಟೆಯಲ್ಲಿ ದೇವರ ಫೋಟೋ ಇಟ್ಟು, ಬಟ್ಟಲಲ್ಲಿ ಕರ್ಪೂರ ಹಚ್ಚಿ ಮಂಗಳಾರತಿ ಮಾಡುತ್ತಿದ್ದರು. ನಾನು ನೀರು ಸುರಿಯಲು ಹೋದರೆ ಅವರು ಕೈ ಅಡ್ಡ ಹಿಡಿದರು. "ಏಂ ಕಾದಮ್ಮಾ, ಹಾರತೇ ಕದಾ!" ಎಂದು ತೆಲುಗಿನಲ್ಲಿ ನನ್ನನ್ನೇ ಸಮಾಧಾನ ಮಾಡಿದರು. ಏನೂ ಆಗುವುದಿಲ್ಲವಂತೆ, ಬರೀ ಆರತಿಯಂತೆ.

ವಿಮಾನ ಇಳಿದ ಮೇಲೆ ಕ್ಯಾಪ್ಟನ್ ಮಲ್ಲನಗೌಡರು ನನ್ನನ್ನು ಕರೆದರು. ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವರು ಬೆರಳು ಮಡಚಿ ಹೇಳಿದರು: "ಸೀಟು ಯಾವುದು. ಆಗಿದ್ದೇನು. ನೀ ಏನ್ ಮಾಡಾಕತ್ತಿ. ನನ್ನಿಂದ ಏನ್ ಆಗಬೇಕು. ಇಷ್ಟ. ನನಗ ಹಿಂದ ಕಣ್ಣಿಲ್ಲ ನೀಲವ್ವ, ನೀ ಏನ್ ಹೇಳ್ತಿ ಅದಾ ನನಗ ಕಾಣೂದು. ತಪ್ಪು ಹೇಳಿದ್ರೂ ಚಿಂತಿಲ್ಲ. ಹೆದರಿ ಸುಮ್ಮನ ಕುಂತಿ ಅಂದ್ರ ಮಾತ್ರ ನಾ ಬಿಡೂದಿಲ್ಲ."

ಎಲ್ಲ ಕ್ಯಾಪ್ಟನ್‌ಗಳೂ ಹೀಗಿರಲಿಲ್ಲ. ಒಬ್ಬರಿದ್ದರು, ನಾವು ಹಿಂದಿನಿಂದ ಮೌನಿಬಾಬಾ ಎನ್ನುತ್ತಿದ್ದೆವು. ನಾವು ನಮಸ್ಕಾರ ಹೇಳಿದರೆ ಗೋಡೆಗೆ ಹೇಳಿದ ಹಾಗೆ. ಚಹಾ ಬೇಕಾದರೆ ಗಂಟೆ ಒತ್ತುತ್ತಿದ್ದರು, ಲೋಟ ಖಾಲಿಯಾದರೆ ಮತ್ತೆ ಗಂಟೆ. ಕ್ಯಾಬಿನ್ ಸಿಬ್ಬಂದಿಯೊಡನೆ ಮಾತಾಡಿದರೆ ಹುದ್ದೆಯ ಗತ್ತು ಹೋಗುತ್ತದೆಂದು ಅವರ ಲೆಕ್ಕ. ಒಂದು ದಿನ ಮುಂದೆ ಕೆಟ್ಟ ಗಾಳಿ ಇರುವುದು ಅವರಿಗೆ ಗೊತ್ತಾಗಿದೆ. ಸೀಟ್ ಬೆಲ್ಟ್ ದೀಪ ಹಾಕಿದರು, ತಮ್ಮ ಮಾತು ಮುಗಿಯಿತೆಂದುಕೊಂಡರು. ಅವರು ಆ ದೀಪವನ್ನು ಹಾಕಿದರೆ ಆರಿಸುತ್ತಲೇ ಇರಲಿಲ್ಲವಾದ್ದರಿಂದ ನಾವು ಅದರ ಕಡೆ ನೋಡುವುದನ್ನೇ ಬಿಟ್ಟಿದ್ದೆವು. ನನ್ನ ಗೆಳತಿ ರೋಸಿ ನಡುದಾರಿಯಲ್ಲಿ ಬಿಸಿ ಚಹಾದ ಗಾಡಿ ತಳ್ಳುತ್ತಿದ್ದಳು. ವಿಮಾನ ದಬಕ್ಕನೆ ಕುಸಿಯಿತು. ಗಾಡಿಯೂ ರೋಸಿಯೂ ಮೇಲಕ್ಕೆ ಹೋಗಿ ಕೆಳಗೆ ಬಿದ್ದರು. ಕೆಳಗೆ ರೋಸಿ, ಮೇಲೆ ಗಾಡಿ.

ವಿಚಾರಣೆಯಲ್ಲಿ ಅವರು, "ದೀಪ ಹಾಕಿದ್ದೆ" ಅಂದರು. ನಾವು, "ದೀಪ ಯಾವತ್ತೂ ಇರುತ್ತದೆ" ಅಂದೆವು. ಇಬ್ಬರದೂ ನಿಜವೇ. ರೋಸಿಯ ಕಾಲು ಮಾತ್ರ ನೆಟ್ಟಗಾಗಲಿಲ್ಲ. ಅವಳನ್ನು ಟಿಕೆಟ್ ಕೌಂಟರಿಗೆ ಹಾಕಿದರು. ನನ್ನೊಡನೆ ಕೋಣೆ ಹಂಚಿಕೊಂಡಿದ್ದ ಅವಳು ಬೇರೆ ಊರಿಗೆ ಹೋದಳು, ನಾನು ಒಬ್ಬಳೇ ಉಳಿದೆ. ಆಮೇಲೆ ನಿಯಮ ಬಂತು: ದೀಪ ಸಾಲದು, ಬಾಯಿಬಿಟ್ಟು ಹೇಳಬೇಕು. ಕ್ಯಾಪ್ಟನ್ ಹೇಳಿದ್ದನ್ನು ನಾವು ಅವರಿಗೇ ತಿರುಗಿ ಒಪ್ಪಿಸಬೇಕು, ಅವರು ಹೌದೆನ್ನಬೇಕು.

ಪೈಲಟ್‌ಗಳನ್ನೂ ನಮ್ಮನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಪಾಠ ಮಾಡುವುದೂ ಆಗಲೇ ಶುರುವಾಯಿತು. ಮೊದಲ ದಿನ ಅವರೆಲ್ಲ ಒಂದು ಕಡೆ, ನಾವೆಲ್ಲ ಒಂದು ಕಡೆ, ಮದುವೆ ಮಾತುಕತೆಗೆ ಕೂತ ಬೀಗರಂತೆ. ಒಬ್ಬ ಪೈಲಟ್‌ಗೆ ಕ್ಯಾಬಿನ್ ಸಿಬ್ಬಂದಿಯ ಪಾತ್ರ ಕೊಟ್ಟು, ಗಾಬರಿಯಾದ ಪ್ರಯಾಣಿಕರಂತೆ ನಾವೆಲ್ಲ ಏಳಬೇಕು, ಅವನು ಕೂರಿಸಬೇಕು ಎಂದರು. ನಾವು ಬಿಡುತ್ತೇವೆಯೇ! ಇಷ್ಟು ವರ್ಷದ ಸೇಡು ತೀರಿಸಿಕೊಂಡೆವು. ಅವನು "ಪ್ಲೀಸ್, ಪ್ಲೀಸ್" ಅನ್ನುತ್ತ ಬೆವರಿ ತೊಪ್ಪೆಯಾದ. ಮಲ್ಲನಗೌಡರು ಹಿಂದಿನ ಬೆಂಚಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ಪಾಠದಲ್ಲಿ ಇನ್ನೊಂದು ನಿಯಮ ಬರುತ್ತದೆ, ಸೇರುವವರು ಚೆನ್ನಾಗಿ ತಿಳಿಯಿರಿ. ವಿಮಾನ ನೆಲ ಬಿಟ್ಟೇಳುವಾಗ ಮತ್ತು ಇಳಿಯಲು ಕೆಳಗೆ ಬರುವಾಗ ಕಾಕ್‌ಪಿಟ್‌ಗೆ ಫೋನ್ ಮಾಡಬಾರದು. ವಿಮಾನದ ಸುರಕ್ಷತೆಯ ಮಾತಿದ್ದರೆ ಮಾತ್ರ ಮಾಡಬೇಕು. ಹೊಸಬರು ಇದರಲ್ಲಿ ಎರಡೂ ಕಡೆ ಎಡವುತ್ತಾರೆ. ಒಬ್ಬಳು ವಿಮಾನ ಇಳಿಯುವ ಹೊತ್ತಿಗೆ ಸರಿಯಾಗಿ ಫೋನ್ ಮಾಡಿ, "ಸರ್, ನಿಂಬೆ ಪಾನಕಕ್ಕೆ ಉಪ್ಪೋ ಸಕ್ಕರೆಯೋ?" ಎಂದು ಕೇಳಿದಳು. ಇನ್ನೊಬ್ಬಳು ರೆಕ್ಕೆಯ ಮೇಲೊಂದು ತಗಡು ಎದ್ದು ಪಟಪಟ ಹೊಡೆದುಕೊಳ್ಳುವುದನ್ನು ಕಂಡೂ ಇಳಿಯುವ ತನಕ ಬಾಯಿಗೆ ಬೀಗ ಹಾಕಿಕೊಂಡು ಕೂತಳು. ಕೇಳಿದರೆ, "ಫೋನ್ ಮಾಡಬಾರದು ಅಂದಿದ್ರಲ್ಲ ಮೇಡಂ." ಇವಳ ತಲೆಗೆ ಏನು ಹೇಳೋಣ! ಪಾನಕದವಳನ್ನು ನಾನು ಕ್ಷಮಿಸಿದೆ, ಇವಳನ್ನು ಇನ್ನೂ ಕ್ಷಮಿಸಿಲ್ಲ.

ಆಮೇಲೆ ಬಾಗಿಲು ಬದಲಾಯಿತು. ಪರದೇಶದಲ್ಲಿ ವಿಮಾನ ಅಪಹರಿಸಿ ಅನಾಹುತ ಮಾಡಿದ ಮೇಲೆ ಎಲ್ಲ ಕಡೆ ಗುಂಡು ತೂರದ ಬಾಗಿಲು ಬಂತು. ಒಳಗಿನಿಂದ ಬೀಗ. ಚಹಾ ಕೊಡಬೇಕಾದರೂ ಫೋನ್ ಮಾಡಿ, ಕ್ಯಾಮೆರಾಗೆ ಮುಖ ತೋರಿಸಿ, ಅವರು ಒಳಗಿನಿಂದ ತೆರೆಯಬೇಕು. ಅದು ಬೇಕಾದದ್ದೇ, ತಕರಾರಿಲ್ಲ. ಆದರೆ ಮೊದಲು ಚಹಾ ಒಯ್ದಾಗ ಕ್ಯಾಪ್ಟನ್ ಬೆನ್ನ ಹಿಂದೆ ನಿಂತು ಒಂದು ಗಳಿಗೆ ಮುಂದಿನ ಗಾಜಿನಿಂದ ಆಕಾಶ ನೋಡುತ್ತಿದ್ದೆ. ಮಲ್ಲನಗೌಡರು, "ಅಕಾ ನೋಡು ನೀಲವ್ವ, ತುಂಗಭದ್ರಾ" ಎಂದು ಬೆರಳು ತೋರಿಸುತ್ತಿದ್ದರು. ನಾನು ಕುರುಗೋಡಿನ ಗುಡ್ಡ ಹುಡುಕುತ್ತಿದ್ದೆ, ಅವರು ಸಿರುಗುಪ್ಪದ ಭತ್ತದ ಗದ್ದೆ ಹುಡುಕುತ್ತಿದ್ದರು. ಬಾಗಿಲು ಬಂದ ಮೇಲೆ ಅದೆಲ್ಲ ಹೋಯಿತು. ಉಳಿದದ್ದು ಫೋನಿನ ದನಿ. ಇಡೀ ದಿನ ಒಂದೇ ವಿಮಾನದಲ್ಲಿದ್ದು ಒಬ್ಬರ ಮುಖ ಒಬ್ಬರು ನೋಡದೆ ಇಳಿದುಹೋದದ್ದಿದೆ. ನಿಜ ಹೇಳುತ್ತೇನೆ, ನೂರಾರು ಜನರ ನಡುವೆ ಇದ್ದೂ ಅಷ್ಟು ಒಂಟಿತನ ನನಗೆ ಬೇರೆಲ್ಲೂ ಆಗಿಲ್ಲ.

ಇನ್ನು ಮಲ್ಲನಗೌಡರ ಕೊನೆಯ ಹಾರಾಟದ ಸಂಗತಿ. ಇದನ್ನು ಹೇಳುವುದಕ್ಕೇ ಉಳಿದದ್ದೆಲ್ಲ ಬರೆದೆನೇನೋ.

ಕ್ಯಾಪ್ಟನ್ ನಿವೃತ್ತರಾಗುವ ದಿನ ಅವರ ಮನೆಯವರನ್ನು ಅದೇ ವಿಮಾನದಲ್ಲಿ ಕೂರಿಸಿಕೊಂಡು ಬರುವುದು ನಮ್ಮಲ್ಲಿ ವಾಡಿಕೆ. ಇಳಿದ ಮೇಲೆ ಹಾರ, ಕೇಕು, ಫೋಟೋ. ದೆಹಲಿಯಿಂದ ಬೆಂಗಳೂರಿಗೆ ಹೊರಟಿದ್ದೆವು. ಗೌಡರ ಹೆಂಡತಿ ಗೌರಕ್ಕ ತೆಕ್ಕಲಕೋಟೆಯವರು. ಗಂಡ ಹಾರಿಸುವ ವಿಮಾನದಲ್ಲಿ ಅವರು ಕೂತದ್ದೇ ಅಪರೂಪ. ಎರಡು-ಎ, ಕಿಟಕಿ ಸೀಟು. ಗೌಡರೇ ಆರಿಸಿ ಕೊಟ್ಟಿದ್ದು. ಹಸಿರು ಇಳಕಲ್ ಸೀರೆ ಉಟ್ಟು, ನಮಗೆಲ್ಲ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದರು. "ತಿನ್ರವ್ವ, ಸಣಕಲಾಗೀರಿ ಎಲ್ಲಾರೂ" ಎಂದು ನನ್ನ ಕೈಗೆ ಡಬ್ಬಿ ಕೊಟ್ಟರು. ಅವರ ಕೈ ತಣ್ಣಗಿತ್ತು.

ಮೇಲೇರಿ ಒಂದು ಗಂಟೆಯಾದ ಮೇಲೆ ನೀರು ಕೊಡಲು ಹೋದೆ. ಗೌರಕ್ಕನ ಮುಖದಲ್ಲಿ ಬೆವರು ಹನಿಹನಿಯಾಗಿ ನಿಂತಿತ್ತು. ಒಂದು ಕೈಯಿಂದ ಎದೆ ಒತ್ತಿ ಹಿಡಿದಿದ್ದರು.

"ಏನಾತ್ರಿ ಅಕ್ಕಾರ?"

"ಏನಿಲ್ಲವ್ವ. ವಾಯು ಆಗೈತಿ."

"ನೋವು ಎಡಗೈಗೂ ಬರ್ತತೇನ್ರಿ?"

ಅವರು ನನ್ನ ಕೈ ಗಟ್ಟಿಯಾಗಿ ಹಿಡಿದರು.

"ಯಾವಾಗಿಂದ ಐತ್ರಿ?"

"ನಿನ್ನಿಯಿಂದ. ಅವರ್ಗೆ ಹೇಳಬ್ಯಾಡವ್ವ, ನಿನಗ ಕೈ ಮುಗೀತೀನಿ. ಇವತ್ತೊಂದಿನ ಚಂದಾಗಿ ಇಳಸ್ಲಿ. ಆಮ್ಯಾಲೆ ಹೇಳೂಣಂತ."

ಹೇಳದಿದ್ದರೆ ವಿಮಾನ ಬೆಂಗಳೂರಿಗೇ ಹೋಗುತ್ತದೆ, ಈ ಹೆಂಗಸಿಗೆ ಅಷ್ಟು ಹೊತ್ತು ಇಲ್ಲ. ಹೇಳಿದರೆ, ವಿಮಾನ ಹಾರಿಸುತ್ತ ಕೂತವರು ಅವರ ಗಂಡ. ನಮ್ಮ ವರದಿ ಶುರುವಾಗುವುದೇ ಸೀಟ್ ನಂಬರಿನಿಂದ, ಯಾರೋ ಒಬ್ಬ ಹೆಂಗಸು ಎಂದು ತೇಲಿಸಲು ಬರುವುದಿಲ್ಲ. ಸಲಹೆ ಕೇಳಲು ಯಾರೂ ಇರಲಿಲ್ಲ. ವಿಮಾನದಲ್ಲಿ ಡಾಕ್ಟರ್ ಇದ್ದರೆ ಬರಬೇಕೆಂದು ಕೂಗಲು ಒಬ್ಬಳಿಗೆ ಹೇಳಿ, ಇನ್ನೊಬ್ಬಳಿಗೆ ಆಮ್ಲಜನಕದ ಸಿಲಿಂಡರ್ ತರಲು ಹೇಳಿ, ಫೋನ್ ಎತ್ತಿದೆ.

"ಕ್ಯಾಪ್ಟನ್, ಎರಡು-ಎ. ಎದೆನೋವು, ಬೆವರು, ಎಚ್ಚರವಿದೆ. ಆಮ್ಲಜನಕ ಕೊಡುತ್ತಿದ್ದೇವೆ, ಡಾಕ್ಟರನ್ನು ಕರೆದಿದ್ದೇವೆ. ಹತ್ತಿರದಲ್ಲೇ ಇಳಿಯಬೇಕು."

ಅವರು ನಿಧಾನವಾಗಿ ನಾನು ಹೇಳಿದ್ದನ್ನೆಲ್ಲ ತಿರುಗಿ ಹೇಳಿದರು. "ಎರಡು-ಎ" ಎಂಬುದನ್ನು ಮೊದಲು ಹೇಳಿದರು. ಒಂದು ಗಳಿಗೆ ಹಾರಿಸುವುದನ್ನು ಸಹ ಪೈಲಟ್‌ಗೆ ಒಪ್ಪಿಸಿದ್ದು, ನಾಗಪುರಕ್ಕೆ ತಿರುಗಿಸಲು ಕೆಳಗಿನ ಕಂಟ್ರೋಲ್ ಟವರಿನವರ ಹತ್ತಿರ ಮಾತಾಡಿದ್ದು ಎಲ್ಲ ಫೋನಿನಲ್ಲೇ ಕೇಳಿಸಿತು. ಡ್ಯೂಟಿಯ ಫೋನಿನಲ್ಲಿ ಅವರು ನನ್ನೊಡನೆ ಊರ ಮಾತು ಆಡುತ್ತಿರಲಿಲ್ಲ. ಅವತ್ತು ಆಡಿದರು.

"ಉಸಿರು ಐತೇನು?"

"ಐತ್ರಿ ಸಾಹೇಬ್ರ. ಮಾತಾಡಾಕತ್ಯಾರ." ಹಾಗೆಯೇ ಕೇಳಿದೆ: "ಹೊರಗ ಬರ್ತೀರೇನ್ರಿ? ನಾ ಒಳಗ ಬಂದು ಕುಂದರ್ತೀನಿ."

ಒಬ್ಬ ಪೈಲಟ್ ಹೊರಗೆ ಬಂದರೆ ಅಷ್ಟು ಹೊತ್ತು ನಮ್ಮಲ್ಲೊಬ್ಬರು ಒಳಗೆ ಇರಬೇಕು, ನಿಯಮ ಅದಕ್ಕೆ ಅಡ್ಡ ಬರುತ್ತಿರಲಿಲ್ಲ. ಬಾಗಿಲು ತೆರೆದರೆ ಎರಡೇ ಹೆಜ್ಜೆಗೆ ಹೆಂಡತಿ. ಆದರೆ ಸಹ ಪೈಲಟ್ ತೀರ ಹೊಸಬ, ನಾಗಪುರದ ಮೇಲೆ ಮೋಡ ಕಟ್ಟಿತ್ತು.

"ಬಂದ್ರ ತಡ ಆಗ್ತತಿ" ಅಂದರು. "ಲಗೂನ ಇಳಸ್ತೀನಿ. ನೀ ಆಕಿ ಹಂತ್ಯಾಕ ಇರು."

ಹಿಂದಿನ ಸಾಲುಗಳಿಂದ ಒಬ್ಬರು ಡಾಕ್ಟರ್ ಬಂದರು. ನಾನು ಗೌರಕ್ಕನ ಬಳಿ ಮಂಡಿಯೂರಿದೆ. ಅವರಿಗೆ ತಿಳಿದುಹೋಗಿತ್ತು. ವಿಮಾನ ವಾಲುವುದು ಹೊಟ್ಟೆಗೆ ಗೊತ್ತಾಗುತ್ತದಲ್ಲ. "ಹೇಳೇಬಿಟ್ಟೇನವ್ವ" ಅಂದರು. ಸಿಟ್ಟಿರಲಿಲ್ಲ, ಬೇಸರ ಇತ್ತು. ಅದೇ ಅವರ ಕೊನೆಯ ಮಾತು. ಸ್ವಲ್ಪ ಹೊತ್ತಿಗೆ ಕಣ್ಣು ಮೇಲಾದವು. ಅವರನ್ನು ನಡುದಾರಿಯಲ್ಲಿ ಮಲಗಿಸಿ ಡಾಕ್ಟರ್ ಎದೆ ಒತ್ತತೊಡಗಿದರು. ನಾನು ಫೋನಿನಲ್ಲಿ ಅಷ್ಟನ್ನೇ ಹೇಳಿದೆ. "ಆತು" ಅಂದರು ಗೌಡರು. "ಇನ್ನ ಕೆಳಗ ಹೋಗಾಕತ್ತೀವಿ. ಫೋನ್ ಮಾಡಬ್ಯಾಡ."

ನೆಲ ಇನ್ನೂ ದೂರವಿದ್ದಾಗಲೇ ಡಾಕ್ಟರ್ ಕೈ ತೆಗೆದರು. ನನ್ನ ಮುಖ ನೋಡಿ ತಲೆ ಅಲ್ಲಾಡಿಸಿದರು. ಫೋನು ಗೋಡೆಯಲ್ಲಿತ್ತು. ಇದು ವಿಮಾನದ ಸುರಕ್ಷತೆಯ ಮಾತಲ್ಲ. ಬಾಗಿಲಿನ ಆಚೆ ಆ ಮನುಷ್ಯ ಹೆಂಡತಿಯನ್ನು ಉಳಿಸಲು ವಿಮಾನ ಇಳಿಸುತ್ತಿದ್ದಾರೆ, ಈಚೆ ನಾನು ಆಕೆ ಇಲ್ಲವೆಂದು ಗೊತ್ತಿದ್ದೂ ಬೆಲ್ಟ್ ಕಟ್ಟಿಕೊಂಡು ಕೂತಿದ್ದೇನೆ. ಶಿವನೇ, ಆ ಹೊತ್ತು ನನ್ನ ಶತ್ರುವಿಗೂ ಬೇಡ.

ಅವರು ಮೆತ್ತಗೆ ಇಳಿಸಿದರು. ಚಕ್ರ ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ. ಬಾಗಿಲು ತೆರೆದು ಹೊರಗೆ ಬಂದರು, ಡಾಕ್ಟರ್ ಸುಮ್ಮನೆ ನಿಂತಿರುವುದನ್ನು ನೋಡಿದರು, ಟೋಪಿ ತೆಗೆದರು. ನೆಲದ ಮೇಲೆ ಕೂತು ಹೆಂಡತಿಯ ಸೆರಗು ಸರಿಮಾಡಿದರು. ಇಡೀ ವಿಮಾನದಲ್ಲಿ ಒಬ್ಬರೂ ಎದ್ದು ಚೀಲ ಇಳಿಸಲಿಲ್ಲ. ಗ್ಯಾಲಿಯಲ್ಲಿ, ಅಂದರೆ ನಮ್ಮ ಅಡುಗೆ ಮೂಲೆಯಲ್ಲಿ, ಕೇಕಿನ ಡಬ್ಬಿಯೂ ಹೋಳಿಗೆಯ ಡಬ್ಬಿಯೂ ಪಕ್ಕಪಕ್ಕ ಇದ್ದವು.

ಗೌಡರು ಸಿರುಗುಪ್ಪಕ್ಕೆ ಹೋಗಿ ತಮ್ಮನ ಮನೆಯವರೊಡನೆ ಇದ್ದುಬಿಟ್ಟರು. ನಾನೂ ನಿವೃತ್ತಳಾಗಿ ಬಳ್ಳಾರಿಗೆ ಬಂದೆ. ತಂಗಿ ಕುರುಗೋಡಿನಲ್ಲಿದ್ದಾಳೆ, ಅವಳಿಗೆ ಅವಳ ಸಂಸಾರ. ಭಾನುವಾರ ನನ್ನ ಫೋನು ಬಡಿದುಕೊಂಡರೆ ಅದು ಗೌಡರದು. ಕಾಲುವೆಗೆ ನೀರು ಬಿಟ್ಟರಂತೆ, ಭತ್ತ ಬಾಗಿದೆಯಂತೆ, ಸಿರಿಗೇರಿ ಹತ್ತಿರ ರಸ್ತೆ ಹಾಳಾಗಿದೆಯಂತೆ, ಇಷ್ಟೇ ಮಾತು. ಆ ದಿನದ ಸುದ್ದಿ ಅವರು ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ವಾರದಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವ ದನಿ ಅದೊಂದೇ. ಅದನ್ನು ಕೆಡಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಈ ಚಳಿಗಾಲದಲ್ಲಿ ಅವರು ಕಣ್ಣು ತೋರಿಸಲು ಬಳ್ಳಾರಿಗೆ ಬಂದರು. ಮಧ್ಯಾಹ್ನ ನಮ್ಮಲ್ಲೇ ಊಟ. ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆ. ಮೀಸೆ ಬೆಳ್ಳಗಾಗಿದೆ, ಹುಬ್ಬಿನ ಗಂಟು ಸಡಿಲಾಗಿದೆ. ಕೈ ತೊಳೆದು ಬಂದು ಕೂತವರು ಒಮ್ಮೆಲೇ ಕೇಳಿದರು:

"ನೀಲವ್ವ, ಆವತ್ತು ಆಕಿ ನಿನಗ ಏನರ ಅಂದ್ಲೇನು?"

ಇದನ್ನು ಕೇಳಿದ ಮೇಲೆ ಇನ್ನು ಭಾನುವಾರ ಫೋನು ಬರದಿದ್ದರೆ? ಆದರೂ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ನೋವು ನಿನ್ನೆಯಿಂದ ಇತ್ತೆಂದದ್ದು, ಅವರಿಗೆ ಹೇಳಬೇಡ, ಚಂದಾಗಿ ಇಳಿಸಲಿ ಎಂದು ಕೈ ಮುಗಿದದ್ದು, ಕೊನೆಯ ಮಾತು, ಎಲ್ಲ.

"ನಿನ್ನಿಯಿಂದ ಅಂದ್ಲಾ?"

"ಹೂಂ ರಿ."

ಅವರು ಕಿಟಕಿಯ ಕಡೆ ತಿರುಗಿಕೊಂಡು ಹೇಳಿದರು: "ಅದು ಆಕಿ ಮಾತಲ್ಲವ್ವ. ನಂದು. ಲಗ್ನಾದ ಹೊಸದಾಗ ಒಂದ್ಸಲ ಮನ್ಯಾಗ ಜಗಳಾಡಿ ಡ್ಯೂಟಿಗೆ ಹೋಗಿದ್ದೆ. ತಲಿ ನಿಲ್ಲಲಿಲ್ಲ, ಇಳಸೂವಾಗ ತಪ್ಪಾಗೂದಿತ್ತು. ಬಂದು ಆಕಿಗೆ ಹೇಳಿದೆ, ಡ್ಯೂಟಿ ಮುಂದಿದ್ದಾಗ ನನಗ ಯಾವ ತಾಪತ್ರಯನೂ ಹೇಳಬ್ಯಾಡ, ಮಂದಿ ಜೀವ ನನ್ನ ಕೈಯಾಗ ಇರ್ತಾವ ಅಂತ. ಆಕಿ ಹೂಂ ಅಂದ್ಲು. ಅವರಪ್ಪ ತೆಕ್ಕಲಕೋಟ್ಯಾಗ ಸತ್ತಾಗ ಫೋನ್ ಬಂದಿತ್ತು, ನಾ ಮಲಗಿದ್ದೆ. ಎಬ್ಬಿಸಲಿಲ್ಲ. ಮುಂಜಾನಿ ಎದ್ದು ಚಾ ಮಾಡಿಕೊಟ್ಟು, ನಕ್ಕೊಂತ ಕಳಿಸಿದ್ಲು. ನಾ ಹೊಳ್ಳಿ ಬಂದ ಮ್ಯಾಲೆ ಕುಂತು ಅತ್ಲು."

ಪೈಲಟ್‌ಗಳ ಮನೆಗಳಲ್ಲಿ ಈ ಕಟ್ಟಳೆ ನಾನು ಕೇಳದ್ದೇನಲ್ಲ. ಅವರ ಹೆಂಡಂದಿರು ಸಿಕ್ಕಾಗ, "ಇವರಿಗೆ ಡ್ಯೂಟಿ ಇದ್ದರೆ ನಾನು ಏನೂ ಹೇಳುವುದಿಲ್ಲ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ನಾವೂ ಹೊಗಳುತ್ತಿದ್ದೆವು. ಅದರ ಕೊನೆ ಹೀಗಿರುತ್ತದೆಂದು ಒಬ್ಬರಿಗೂ ಹೊಳೆದಿರಲಿಲ್ಲ.

"ನಿಮಗೆಲ್ಲಾ ಹೇಳ್ರಿ ಹೇಳ್ರಿ ಅಂತ ಗಂಟಲು ಹರಕೊಂಡೆ" ಅಂದರು ಗೌಡರು. "ಮನ್ಯಾಗ ನಾನಾ ಬಾಯಿ ಮುಚ್ಚಿಸಿದ್ದೆ." ಆಮೇಲೆ ಕನ್ನಡಕ ತೆಗೆದು ಅತ್ತರು. ನಾನೂ ಅತ್ತೆ.

ಸಂಜೆ ಸಿರುಗುಪ್ಪದ ಬಸ್ಸು ಹತ್ತಿಸಲು ಹೋದೆ. ಅವರು ಕಿಟಕಿ ಪಕ್ಕ ಕೂತರು. ಇನ್ನು ಇವರು ಫೋನ್ ಮಾಡುವುದಿಲ್ಲ ಎಂದುಕೊಂಡು ನಾನು ಮುಖ ಆಚೆ ತಿರುಗಿಸಿ ನಿಂತಿದ್ದೆ. ಕಂಡಕ್ಟರ್ ಸೀ‍ಟಿ ಊದುವಾಗ ಅವರು ಕಿಟಕಿಯಿಂದ ಬಗ್ಗಿ ಕರೆದರು.

"ನೀಲವ್ವ, ನಾಳೆ ನಿನಗ ಏನರ ಆದ್ರ ಯಾರಿಗೆ ಹೇಳ್ತಿ?"

ಯಾರಿಗೆ ಹೇಳಲಿ? ಯೋಚಿಸಿದೆ, ಯಾರೂ ಸಿಗಲಿಲ್ಲ. "ಯಾರೂ ಇಲ್ರಿ" ಅಂದೆ.

"ಹಂಗಾರ ನನಗ ಹೇಳು. ಹೊತ್ತು ನೋಡಬ್ಯಾಡ." ಬಸ್ಸು ಆಗಲೇ ಚಲಿಸತೊಡಗಿತ್ತು, ಅವರು ದನಿ ಏರಿಸಿದರು. "ನಾ ಮಲಗಿದ್ರೂ ಎಬ್ಬಿಸು."